ಗಂಡ ಮಾಡಿದ ಚಾ

ಸುಭಾನಸಾಬ ಎರಡು ಚಮಚಗಳ ನಡುವೆ ಗುಳಿಗೆ ಇಟ್ಟು ಅರೆಯುತ್ತಿದ್ದ. ಬಾಗಿಲ ಸಂದಿಗೆ ಕಣ್ಣು ಹಚ್ಚಿ ನಿಂತಿದ್ದ ಕಾಸಿಂಬಿಗೆ ಆ ಕರಕರ ಸದ್ದು ತನ್ನ ಹಲ್ಲಿನ ಸಂದಿಯಲ್ಲೇ ಕೇಳಿಸಿದಂತಾಯಿತು. ಒಲೆಯ ಪಕ್ಕ ಎರಡು ಸ್ಟೀಲ್ ಲೋಟ. ಬಾಗಿಲ ಕಡೆಯದು ಯಾವಾಗಲೂ ಅವಳದು. ಬಿಳಿ ಪುಡಿ ಅದರೊಳಗೆ ಬಿತ್ತು. ಬೆರಳಿಗೆ ಅಂಟಿದ್ದನ್ನೂ ಅವನು ಬಿಡದೆ ಅಲ್ಲಿಯೇ ಕೊಡವಿದ.

"ಏಯ್, ಚಾ ಆರಾಕತ್ತೈತಿ, ಬಾ."

ನಿಕಾಹ್ ಆದಂದಿನಿಂದ ಒಲೆಯ ಮುಂದೆ ನಿಲ್ಲದ ಗಂಡಸು. ಅಂಥವನಿಗೆ ಬಾಗಲಕೋಟೆಯ ದವಾಖಾನೆಯಿಂದ ಬಂದ ಮೇಲೆ ಹೆಂಡತಿಗೆ ಚಾ ಮಾಡಿಕೊಡುವ ಹುಕಿ ಬಂದಿತ್ತು.

ದವಾಖಾನೆಗೆ ಹೋದದ್ದು ಅವನ ಎದೆನೋವಿಗೆ. ಜೊತೆಗೆ ಹೋದ ಕಾಸಿಂಬಿಯನ್ನೂ ಮಲಗಿಸಿ, ಎದೆಗೆ ತಂತಿ ಅಂಟಿಸಿ ನೋಡಿದ್ದರು. "ಜೋಡಿಲೆ ಬಂದವರನ್ನ ಇಬ್ಬರನ್ನೂ ನೋಡ್ತಾರ," ಎಂದಿದ್ದ ಗಂಡ. ಆಮೇಲೆ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಬಂದವನ ಮುಖ ಸುಣ್ಣದಂತೆ ಬಿಳಿಚಿತ್ತು. "ನನ್ನ ಹಾರ್ಟ್ ಸೋತೈತಂತ. ಇನ್ನ ಮ್ಯಾಲೆ ಮನ್ಯಾಗ ಉಪ್ಪಿಲ್ಲ, ಉಪ್ಪಿನಕಾಯಿಲ್ಲ," ಎಂದ.

ಕಾಸಿಂಬಿಗೆ ದವಾಖಾನೆ ಎಂದರೆ ಅಕ್ಕ ಅಮೀನಬಿಯ ಹೆಣ. ದಿಂಬಿನಡಿ ಗುಳಿಗೆ ಇಟ್ಟುಕೊಂಡು, ದಿನಾ ನುಂಗುತ್ತಲೇ ಕಣ್ಣು ಮುಚ್ಚಿದ್ದಳು ಅಮೀನಬಿ. ಅಂದೇ ಕಾಸಿಂಬಿ ಕುರಾನಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು: ಯಾರು ಕೊಟ್ಟರೂ ಗುಳಿಗೆ ನುಂಗುವುದಿಲ್ಲ.

ಗಂಡನ ಆರೈಕೆಗೆಂದು ಇಳಕಲ್ಲಿನ ನರ್ಸ್ ಸಾಜಿಯಾ ಸ್ಕೂಟಿಯ ಮೇಲೆ ಅವರೂರು ಗುಡೂರಿಗೆ ಬರತೊಡಗಿದಳು. ಗುಳಿಗೆಗಳನ್ನು ಅವನ ಕೈಗೇ ಕೊಡುವಳು. ಅವನು ನುಂಗಿದ್ದನ್ನು ಮಾತ್ರ ಕಾಸಿಂಬಿ ಒಮ್ಮೆಯೂ ಕಂಡಿರಲಿಲ್ಲ. ತೂಕದ ಯಂತ್ರದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ನಿಲ್ಲಿಸುವಳು. ಕಾಸಿಂಬಿಯ ಕಾಲು ಹಿಡಿದು ಹೆಬ್ಬೆರಳಿನಿಂದ ಒತ್ತಿ, "ಚಾಚಿ, ಭಾಳ ಇಳದೀರಿ," ಎಂದು ನಗುವಳು. ಇಳಿದದ್ದಕ್ಕೆ ಯಾರಾದರೂ ನಗುತ್ತಾರೆಯೇ? ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ, ಸೆರೆಯಲ್ಲಿಟ್ಟ ಹುಡುಗಿಯ ಕೈಕಾಲನ್ನು ರಾಕ್ಷಸಿಯೊಬ್ಬಳು ಹೀಗೇ ದಿನಾ ಹಿಚುಕಿ ನೋಡಿ ನಗುತ್ತಿದ್ದಳು.

ನೆರೆಮನೆಯ ಚಂದವ್ವ ಗೋಡೆಯ ಮೇಲಿಂದಲೇ ಕಿಚಾಯಿಸಿದಳು: "ಏನ ಕಾಸಿಂಬಿ, ನಿನ್ನ ಮುದುಕಗ ಮತ್ತ ಹರೇ ಬಂತೇನ? ನರ್ಸಬಾಯಿ ಬರೂದ್ರಾಗ ಇಸ್ತ್ರಿ ಅಂಗಿ ಹಾಕ್ಕೊಂಡ ನಿಂತಿರ್ತಾನ!"

"ನಿಂದರ್ಲಿ ಬಿಡ. ಮದಿವ್ಯಾಗ ನೀನೂ ಕುಣಿಯಾಕ ಬಾ," ಎಂದಳು ಕಾಸಿಂಬಿ. ಒಳಗೆ ಬಂದವಳೇ ಗಂಡನ ಇಸ್ತ್ರಿ ಅಂಗಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದಳು.

ಲೋಟ ಬರಿದಾಗುವವರೆಗೂ ಅವನು ಎದುರಿನಿಂದ ಏಳುತ್ತಿರಲಿಲ್ಲ. ಆ ಚಾ ಕುಡಿದರೆ ಮಧ್ಯಾಹ್ನದವರೆಗೂ ಬಚ್ಚಲಿಗೆ ಓಡಾಟ. ಕಾಲಿಗೆ ಬಿಗಿಯುತ್ತಿದ್ದ ಚಪ್ಪಲಿ ಈಗ ಜಾರುತ್ತಿತ್ತು. ಮೊದಲೆಲ್ಲ ಗೋಡೆಗೊರಗಿ ಕೂತೇ ಕಣ್ಣು ಮುಚ್ಚುತ್ತಿದ್ದವಳಿಗೆ ಈಗ ಹಾಸಿಗೆಯ ಮೇಲೆ ಕಾಲು ಚಾಚಿದರೆ ಸಾಕು, ಹೆಣದಂಥ ನಿದ್ದೆ. ಮೈ ಒಣಗಿಸುವುದು, ಮಂಕು ಹಿಡಿಸುವುದು, ಕೊನೆಗೊಂದು ದಿನ ಏಳದಂತೆ ಮಾಡುವುದು. ವಿಷದ ನಡೆ ಹೀಗೇ ಇರಬೇಕು.

ಇದ್ದ ಒಂದಿಷ್ಟು ಅನುಮಾನವನ್ನು ಪಡಸಾಲೆಯ ಪಿಸುಮಾತು ಕಳೆಯಿತು.

"ಎಷ್ಟ ದಿನಾ ಮುಚ್ಚಿಡ್ತೀರಿ ಚಾಚಾ? ನನಗಂತೂ ಇದು ಸರಿ ಕಾಣವಲ್ದು. ಆಕಿಗೆ ಹೇಳಿಬಿಡ್ರಿ."

"ಹೇಳಿದ್ರ ಆಕಿ ಲೋಟ ಮುಟ್ಟೂದಿಲ್ಲವಾ. ನೀ ಸುಮ್ಮನಿರು. ಗುನಾ, ಪಾಪ ಎಲ್ಲಾ ನನ್ನ ತಲಿಮ್ಯಾಲೆ ಇರ್ಲಿ."

ಸಾಜಿಯಾ ತಂಗಿಯ ಮದುವೆಗೆಂದು ಬಾದಾಮಿಗೆ ಹೋದದ್ದೇ, ತೂಗಿ ನೋಡುವವರಿಲ್ಲದೆ ಕಾಸಿಂಬಿಗೆ ದಾರಿ ಸಿಕ್ಕಿತು. "ಆಡ ಬಿಚ್ಚಿಕೊಂಡ ಓಡೇತಿ, ನೋಡ್ರಿ," ಎಂದು ಗಂಡನನ್ನು ಹೊರಗೆ ಕಳಿಸಿ ಲೋಟ ಅದಲುಬದಲು ಮಾಡಿದಳು. ಮರುದಿನ ಬಾಗಿಲಲ್ಲಿ ಯಾರೋ ಕರೆದರೆಂದಳು. ಅದರ ಮರುದಿನ ಇನ್ನೊಂದು ನೆಪ.

ಒಮ್ಮೆ ಮಾತ್ರ ಅವಳ ಕೈ ತಡೆಯಿತು. ಹೊಸ್ತಿಲು ದಾಟುತ್ತಿದ್ದ ಗಂಡ ತಿರುಗಿ, "ಸಕ್ರಿ ಸಾಕಾಗತೈತೇನ ನಿನಗ?" ಎಂದಿದ್ದ. ಎಂಥಾ ನಾಟಕ! ಲೋಟ ಸರಿಸಿಯೇಬಿಟ್ಟಳು.

ಅವನು ಇಳಿಯುತ್ತ ಬಂದ. ಎದ್ದರೆ ತಲೆ ತಿರುಗಿ ಗೋಡೆ ಹಿಡಿಯುವನು. ಬಚ್ಚಲಿಗೆ ಓಡುವ ಸರದಿ ಈಗ ಅವನದು. ಕಾಸಿಂಬಿಯ ಕಾಲಿಗೆ ಚಪ್ಪಲಿ ಮತ್ತೆ ಬಿಗಿಯಿತು. ಮೈ ತುಂಬಿಕೊಳ್ಳುತ್ತಿದೆ ಎಂದು ಒಳಗೊಳಗೇ ಹಿಗ್ಗಿದಳು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುವಂತಾದದ್ದು ಅಂಜಿಕೆಗೆ ಇರಬೇಕು ಎಂದುಕೊಂಡಳು.

ಆ ಶುಕ್ರವಾರ ನಮಾಜಿನಿಂದ ಏಳುತ್ತಿದ್ದ ಸುಭಾನಸಾಬ ಚಾಪೆಯ ಮೇಲೆಯೇ ಕುಸಿದ.

ಓಣಿಯ ಮಂದಿ ಟಂಟಂ ಆಟೋ ತಂದು ಅವನನ್ನೆತ್ತಿ ಹಾಕಿದರು. ಇಳಕಲ್ಲಿನ ದವಾಖಾನೆ ಮುಟ್ಟುವವರೆಗೂ ಕಾಸಿಂಬಿ ಬಾಯಿಯಿಂದ ಉಸಿರು ಎಳೆಯುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಅವನನ್ನು ಮಂಚಕ್ಕೆ ಹಾಕಿ, ಮೂಗಿಗೆ ಆಕ್ಸಿಜನ್ ಹಚ್ಚಿದರು. ಫೋನು ಹೋಗಿ, ಬಾದಾಮಿಯಿಂದ ಮದುವೆಯ ಸೀರೆಯಲ್ಲೇ ಸಾಜಿಯಾ ಓಡಿಬಂದಳು.

"ಏನ ತಿಂದಿದ್ರಿ ಚಾಚಾ? ಹಿಂಗ್ಯಾಕ ಬಿ.ಪಿ. ಇಳೀತು?"

"ನನ್ನ ಕೇಳ," ಕಾಸಿಂಬಿ ಗೋಡೆ ಹಿಡಿದು ನಿಂತಳು. ಒಂದೊಂದು ಮಾತಿಗೂ ದಮ್ಮು ಕಟ್ಟುತ್ತಿತ್ತು. "ನೀವಿಬ್ಬರೂ ಕೂಡಿ... ನನಗ ಕಲಸಿದ ವಿಷಾ... ನಾ ಅವರಿಗೇ ಕುಡಿಸೀನಿ. ದಿನಾ... ಲೋಟ ಬದಲ ಮಾಡೀನಿ."

ಸಾಜಿಯಾ ಬೈಯಲಿಲ್ಲ. ಅಲ್ಲಿಯೇ ಮೊಣಕಾಲೂರಿ ಕಾಸಿಂಬಿಯ ಬಾತುಕೊಂಡ ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಹಸಿಮಣ್ಣಿನಲ್ಲಿ ಬಿದ್ದಂಥ ಕುಳಿ ಹಾಗೆಯೇ ಉಳಿಯಿತು.

ಸುಭಾನಸಾಬ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಕಿತ್ತು ಡಾಕ್ಟರತ್ತ ಚಾಚಿದ: "ಇದನ್ನ ಆಕಿಗೆ ಹಾಕ್ರಿ, ಲಗೂನ... ನನ್ನ ಎದಿಗೆ ಏನೂ ಆಗಿಲ್ರಿ, ಸೋತ ಹಾರ್ಟ್ ಆಕೀದು, ಗುಳಿಗಿ ಆಕೀವು."