ಸೂಪರ್‌ವೈಸರನ ಬ್ಯಾಟರಿ

ಕೀ ತಿರುಗಿಸಿದರೆ ವ್ಯಾನು ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಅಂದು ಸುಮ್ಮನಾಯಿತು. ಸೂಪರ್‌ವೈಸರ್ ಮತ್ತೊಮ್ಮೆ ತಿರುಗಿಸಿದ. ಈ ಸಲ ಅದೂ ಇಲ್ಲ.

“ಬ್ಯಾಟರಿ ಸತ್ತಿದೆ. ಇವತ್ತು ಹೊರಟ ಹಾಗೇ!” ಅಂದ.

ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಊರಿಗೆಲ್ಲ ಅವಳು ಡ್ರೈವರಮ್ಮ. ಸ್ಕೂಲ್ ವ್ಯಾನ್ ಓಡಿಸಿಯೇ ಅರ್ಧ ಆಯಸ್ಸು ಕಳೆದವಳು. ಆದರೆ ಒಳಗೇ ಮಂಚ, ಒಲೆ, ಫ್ರಿಜ್ ಇರುವ ಈ ಕ್ಯಾಂಪರ್ ವ್ಯಾನಿನ ಸ್ಟಿಯರಿಂಗ್ ಮುಟ್ಟಲು ಅವಳಿಗೆ ಅಪ್ಪಣೆಯಿರಲಿಲ್ಲ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವನಿಗೆ ರಿಟೈರ್ ಆದಮೇಲೆ ಕೈಕೆಳಗೆ ಉಳಿದವಳು ಇವಳೊಬ್ಬಳೇ. ಪುಣ್ಯಾತ್ಮ ಬಿಡುತ್ತಾನೆಯೇ!

ಮಧ್ಯಾಹ್ನ ಅವಳ ಅಣ್ಣನಿಗೆ ಹೃದಯದ ಆಪರೇಷನ್. ಈ ಗಾಡಿ ಕೊಂಡಾಗ ಆ ಅಣ್ಣ, “ಭಾವ, ಇದು ಗಾಡಿಯೋ ಗೂಡಂಗಡಿಯೋ?” ಎಂದು ನಕ್ಕಿದ್ದ. ಅಷ್ಟಕ್ಕೇ ಸೂಪರ್‌ವೈಸರ್ ಆ ಮನೆಯವರ ಜೊತೆ ಮಾತು ಬಿಟ್ಟ, ಇವಳಿಂದಲೂ ಬಿಡಿಸಿದ. ನಿನ್ನೆ ಸಂಜೆ, ಇವರು ಈ ಕ್ಯಾಂಪಿಂಗ್ ಮೈದಾನದಲ್ಲಿ ತಂಗಿದ್ದಾಗ, ಅಣ್ಣನೇ ಫೋನ್ ಮಾಡಿದ್ದ. “ಬದುಕಿ ಬರ್ತೀನೋ ಇಲ್ವೋ, ಒಳಗೆ ಹೋಗೋ ಮುಂಚೆ ಒಂದ್ಸಲ ಮುಖ ತೋರಿಸಿ ಹೋಗಮ್ಮ,” ಎಂದಿದ್ದ. ಗಂಡ ಎಂದೂ ಇಲ್ಲದಷ್ಟು ಮೆತ್ತಗೆ, “ಬೆಳಿಗ್ಗೆ ಹೊರಡೋಣ ಬಿಡು,” ಅಂದಿದ್ದ.

“ನೀನು ರಾತ್ರಿ ಸ್ವಿಚ್ ಒತ್ತೋದು ಮರ್ತಿದ್ದೀಯ,” ಅಂದ ಈಗ. “ನಿನ್ನ ಅಣ್ಣನ್ನ ನೋಡೋಕೆ ನೀನೇ ಅಡ್ಡ ಹಾಕ್ಕೊಂಡೆ.”

ವ್ಯಾನಿಗೆ ಎರಡು ಬ್ಯಾಟರಿ. ಒಂದು ಎಂಜಿನ್‌ಗೆ, ಇನ್ನೊಂದು ಒಳಗಿನ ದೀಪ, ಫ್ರಿಜ್ಜಿಗೆ. ಮಲಗುವ ಮುಂಚೆ ಮಂಚದ ಕೆಳಗಿನ ಸ್ವಿಚ್ಚನ್ನು ಕೆಳಕ್ಕೆ ಒತ್ತದಿದ್ದರೆ ಫ್ರಿಜ್ಜು ರಾತ್ರಿಯೆಲ್ಲ ಎಂಜಿನ್ ಬ್ಯಾಟರಿಯನ್ನೇ ಹೀರಿಹಾಕುತ್ತದೆ. ಅದನ್ನು ಒತ್ತುವುದು ಅವಳ ಕೆಲಸ. ಮರೆತೆನೇ? ಅಣ್ಣನ ಚಿಂತೆಯಲ್ಲಿ ಮರೆತೇಬಿಟ್ಟೆನೇ?

ಅಷ್ಟರಲ್ಲಿ ಪಕ್ಕದ ವ್ಯಾನಿನಲ್ಲಿ ತಂಗಿದ್ದ ಹಲ್ಲಿನ ಡಾಕ್ಟರಮ್ಮ ಹಲ್ಲುಜ್ಜುತ್ತಲೇ ಬಂದರು. “ಸ್ಟಾರ್ಟ್ ಆಗ್ತಿಲ್ವಾ? ನನ್ನ ಹತ್ರ ಕೇಬಲ್ ಇದೆ, ನಮ್ಮ ಬ್ಯಾಟರಿಯಿಂದ ಕರೆಂಟ್ ಕೊಡೋಣ.”

“ಬೇಡ ಬೇಡ,” ಸೂಪರ್‌ವೈಸರ್ ಎರಡೂ ಕೈ ಅಲ್ಲಾಡಿಸಿದ. “ಏನಾದ್ರೂ ಸುಟ್ಟು ಹೋದ್ರೆ? ನಾಳೆ ಮೆಕ್ಯಾನಿಕ್‌ನ ಕರೆಸ್ತೀನಿ.”

ನಾಳೆಯಂತೆ! ಅವಳು ದಡಬಡನೆ ಇಳಿದು, ಹಿಂದಿನ ಬಾಗಿಲಿನಿಂದ ಹತ್ತಿ, ಮಂಚದ ಕೆಳಗೆ ಬಗ್ಗಿ ನೋಡಿದಳು. ಸ್ವಿಚ್ಚು ಮೇಲಿತ್ತು. ನೋಡುತ್ತಿದ್ದಂತೆ ರಾತ್ರಿಯದೆಲ್ಲ ನೆನಪಾಯಿತು.

“ರೀ, ಬನ್ನಿ ಇಲ್ಲಿ. ನಾನು ಸ್ವಿಚ್ ಒತ್ತಿದ್ದನ್ನ ದಿನಾ ಟಾರ್ಚ್ ಹಾಕಿ ಚೆಕ್ ಮಾಡ್ತೀರಲ್ಲ? ನಿನ್ನೆ ರಾತ್ರೀನೂ ಮಾಡಿದ್ರಲ್ಲ? ‘ಹ್ಞೂಂ, ಸರಿಯಾಗಿದೆ, ಮಲಕ್ಕೋ’ ಅಂದ್ರಲ್ಲ? ಆಮೇಲೆ ಇದನ್ನ ಮೇಲೆತ್ತಿದ್ದು ಯಾರು, ದೆವ್ವಾನಾ?”

ಸೂಪರ್‌ವೈಸರ್ ಇಳಿದು ಬಂದು ಹಿಂದಿನ ಬಾಗಿಲಿನಿಂದ ಇಣುಕಿದ. “ಕತ್ತಲಲ್ಲಿ... ಸರಿಯಾಗಿ ಕಾಣಿಸ್ಲಿಲ್ಲ ಅನ್ಸುತ್ತೆ.”

“ಹೋಗ್ಬೇಡ ಅನ್ನೋಕೆ ಬಾಯಿರ್ಲಿಲ್ವಾ ನಿಮಗೆ? ಹಾಗಂದ್ರೆ ಜನ ನಿಮ್ಮ ಮುಖಕ್ಕೆ ಉಗೀತಾರೆ ಅಂತ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ರಾ? ಅಕಸ್ಮಾತ್ ಅಣ್ಣನಿಗೆ ಹೆಚ್ಚುಕಮ್ಮಿ ಆಗಿದ್ರೆ, ನನ್ನಿಂದಲೇ ತಪ್ಪಿಹೋಯ್ತು ಅಂತ ಸಾಯೋತನಕ ಅಳ್ತಿದ್ದೆನಲ್ರೀ! ಅದನ್ನ ನೋಡ್ಕೊಂಡು ಊಟ ಮಾಡ್ತಿದ್ರಾ ನೀವು?”

ಅವಳು ಉತ್ತರಕ್ಕೆ ಕಾಯಲಿಲ್ಲ. ಡಾಕ್ಟರಮ್ಮ ಅಷ್ಟರಲ್ಲಿ ತಂದಿದ್ದ ಕೇಬಲ್ ತೆಗೆದುಕೊಂಡು ಎರಡೂ ವ್ಯಾನುಗಳ ಬ್ಯಾಟರಿಗೆ ಕೆಂಪು ಕ್ಲಿಪ್ಪುಗಳನ್ನು ಕಚ್ಚಿಸಿದಳು, ಕಪ್ಪನ್ನೂ ಕಚ್ಚಿಸಿದಳು, ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ವ್ಯಾನು ಕೆಮ್ಮಿ, ನಡುಗಿ, ಗುರ್ ಎಂದು ಹೊತ್ತಿಕೊಂಡಿತು. ಡಾಕ್ಟರಮ್ಮ ಕೇಬಲ್ ಬಿಚ್ಚಿಕೊಂಡು, “ಆಸ್ಪತ್ರೆ ತನಕ ಆಫ್ ಮಾಡ್ಬೇಡಿ,” ಎಂದು ಕೂಗಿದರು.

“ಸರಿ ಸರಿ, ಆದದ್ದಾಯ್ತು. ಆಚೆ ಸರಿ, ನಾನು ಓಡಿಸ್ತೀನಿ,” ಅಂದ ಸೂಪರ್‌ವೈಸರ್.

ಅವಳು ಬಾಗಿಲು ಎಳೆದುಕೊಂಡು ರಿವರ್ಸ್ ಗೇರ್ ಹಾಕಿದಳು. ಅಷ್ಟು ಸಾಕಾಯಿತು ಅವನಿಗೆ. ಹೆಂಗಸು ರಿವರ್ಸ್ ತೆಗೆಯುವಾಗ ಸುಮ್ಮನಿರಲು ಸಾಧ್ಯವೇ? ಚಪ್ಪಲಿ ಪಟಪಟಿಸುತ್ತ ಹಿಂದಕ್ಕೆ ಓಡಿ, “ಬರ್ಲಿ... ಬರ್ಲಿ... ಎಡಕ್ಕೆ ಕಟ್ ಮಾಡು... ಸಾಕು! ಈಗ ನೇರ ಮಾಡ್ಕೋ,” ಎಂದು ಕೈ ಬೀಸಿದ. ವ್ಯಾನಿನ ಮೂತಿ ರಸ್ತೆಗೆ ತಿರುಗಿತು. ಕೆಲಸ ಅಚ್ಚುಕಟ್ಟಾದ ತೃಪ್ತಿಯಲ್ಲಿ ವ್ಯಾನಿನ ಬೆನ್ನಿಗೆ ಎರಡು ಸಲ ಬಡಿದು, “ರೈಟ್!” ಅಂದ.

ಮದುವೆಯಾದಾಗಿನಿಂದ ಅವಳು ಅವನ ಒಂದು ಮಾತನ್ನೂ ಮೀರಿದವಳಲ್ಲ. ಇದನ್ನೂ ಮೀರಲಿಲ್ಲ. ಹೊರಟೇಬಿಟ್ಟಳು.