ತುಕ್ಕು ಹಿಡಿದ ಸರಳು

ಮನೆಗಳಲ್ಲಿ ಬೆಂಕಿ ಹಚ್ಚುವುದು ನಿಷೇಧವಾದಾಗ ಕಾನೂನು ಒಂದೇ ಒಂದು ವಿನಾಯಿತಿ ಕೊಟ್ಟಿತು: ಹವ್ಯಾಸಕ್ಕೆಂದು ಕಬ್ಬಿಣ ಕಾಯಿಸಬಹುದು. ಹಾಗಾಗಿ ಮೈಸೂರಿನ ದಂತವೈದ್ಯ ಪದ್ಮರಾಜಯ್ಯ ಹಳೆಯ ಸಿಲಿಂಡರ್ ಕೊಯ್ದು, ಪ್ರೊಪೇನ್ ಬರ್ನರ್ ಕೂರಿಸಿ, ಹಿತ್ತಲಲ್ಲೊಂದು ಕುಲುಮೆ ಕಟ್ಟಿದರು. ಚಾಕು ಮಾಡುವ ಆಸೆ ಅವರಿಗೆ. ಆದರೆ ಕುಲುಮೆ ಬಿಡುವಾಗಿ ಸಿಕ್ಕರೆ ತಾನೆ! ಭಾನುವಾರ ಬಂತೆಂದರೆ ಬೀದಿಯವರೆಲ್ಲ ಕಬ್ಬಿಣದ ಸರಳು ಹಿಡಿದು ಸಾಲುಗಟ್ಟುತ್ತಿದ್ದರು.

ಅವತ್ತು ಎದುರುಮನೆಯ ಕಮಲಾಕ್ಷಿಯ ಸರಳು ಒಳಗಿದ್ದಾಗಲೇ ಬೆಂಕಿ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಸಾಲಿನವರೆಲ್ಲ ಸರಳುಗಳನ್ನು ಬೆನ್ನ ಹಿಂದೆ ಸರಿಸಿದರು. ಕುಲುಮೆ ಜಪ್ತಿಯಾದರೆ ಮತ್ತೆ ಇಲಾಖೆ ಹಂಚುವ ಪೊಟ್ಟಣದ ಊಟವೇ ಗತಿ.

“ಏನ್ರೀ ಅದು?”

“ಕಬ್ಬಿಣ ಸಾರ್,” ಎಂದರು ಪದ್ಮರಾಜಯ್ಯ.

“ಕಬ್ಬಿಣದ ಮೇಲಿರೋದು?”

ಸರಳಿಗೆ ಚುಚ್ಚಿದ್ದ ಬದನೆಕಾಯಿಯ ಸಿಪ್ಪೆ ಚಟಪಟ ಎಂದಿತು.

“ತುಕ್ಕು ಸಾರ್,” ಎಂದಳು ಕಮಲಾಕ್ಷಿ.

ಇನ್ಸ್‌ಪೆಕ್ಟರ್ ಬಗ್ಗಿ, ಮೂಗರಳಿಸಿದರು. “ಏನ್ ಡಾಕ್ಟ್ರೇ, ಇಷ್ಟು ಜೋರು ಉರಿನಾ? ತುಕ್ಕು ಮೇಲೆ ಸೀದು ಹೋಗುತ್ತೆ, ಒಳಗೆ ಹಸಿಯಾಗೇ ಇರುತ್ತೆ!” ಎನ್ನುತ್ತ ಬರ್ನರ್‌ನ ನಾಬ್ ತಿರುಗಿಸಿ ತಾವೇ ಉರಿ ಇಳಿಸಿದರು. ಆಮೇಲೆ ಜೀಪಿನತ್ತ ತಿರುಗಿ ಡ್ರೈವರನ್ನು ಕೂಗಿದರು:

“ಚಿಕ್ಕಣ್ಣ, ನಮ್ ಸರಳು ತಗೊಂಡ್ ಬಾಪ್ಪ. ಬುಟ್ಟೀಲಿರೋ ತುಕ್ಕೂ ತಾ, ನಜ್ಜುಗುಜ್ಜಾಗದ ಹಾಗೆ ನೋಡ್ಕೊ.”