ಒಂಬತ್ತು ಒರಟು ಮೆಟ್ಟಿಲು

ಮೇಲಿನಿಂದ ಮೂರನೇ ಮೆಟ್ಟಿಲು ಮತ್ತೆ ಹೊಳೆಯುತ್ತಿತ್ತು. ಮಗಳು ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು ತರುವಷ್ಟರಲ್ಲಿ, ಅವಳು ಜತನದಿಂದ ಪೊರಕೆ ಎಳೆದು ಹಸಿ ಕಾಂಕ್ರೀಟಿನ ಮೇಲೆ ಮೂಡಿಸಿದ್ದ ಗೆರೆಗಳನ್ನೆಲ್ಲ ಅಪ್ಪ ಕರಣೆಯಿಂದ ಸವರಿ ಅಳಿಸಿಬಿಟ್ಟಿದ್ದ.

"ಏನಪ್ಪಾ ಇದು?"

ಮೇಸ್ತ್ರಿ ತನ್ನ ಕೈಯಲ್ಲಿದ್ದ ಕರಣೆಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. "ನಾನೇನೂ ಮಾಡಿಲ್ಲ ಕಣೇ. ಕೈ ತಾನೇ ಹೋಗಿಬಿಡ್ತು."

ಅದು ಮೂಳೆ ಡಾಕ್ಟರಮ್ಮನ ಕ್ಲಿನಿಕ್ಕಿನ ಮುಂದಿನ ಮೆಟ್ಟಿಲು. ಮಳೆ ಬಿದ್ದ ದಿನ, ಒಂದು ಕಾಲು ಮುರಿದುಕೊಂಡು ಬಂದವರು ಇನ್ನೊಂದನ್ನೂ ಮುರಿದುಕೊಂಡು ಒಳಗೆ ಹೋಗುವಂತಿದ್ದವು ಆ ಒಂಬತ್ತು ಮೆಟ್ಟಿಲು. ಮೊದಲು ಮರಳು ಕಾಗದದಂಥ ಕಪ್ಪು ಅಂಟುಪಟ್ಟಿ ಹಚ್ಚಿಸಿದ್ದರು. ಮೂರೇ ತಿಂಗಳಲ್ಲಿ ಅದರ ಅಂಚು ಎದ್ದು, ಒಬ್ಬ ಮುದುಕರ ಊರುಗೋಲು ಸಿಕ್ಕಿಹಾಕಿಕೊಂಡಿತು. ಆಮೇಲೆ ಮರಳು ಬೆರೆಸಿದ ಬಣ್ಣ ಬಳಿಸಿದರು. ಕಾಲು ಬೀಳುವ ಕಡೆಯಲ್ಲೆಲ್ಲ ಅದು ಸವೆದುಹೋಗಿ, ಕಾಲು ಬೀಳದ ಕಡೆ ಮಾತ್ರ ಭದ್ರವಾಗಿ ಉಳಿಯಿತು. ಒರಟುತನ ಮೇಲೆ ಹಚ್ಚಿದ್ದಾದರೆ ಬಾಳುವುದಿಲ್ಲ, ಕಾಂಕ್ರೀಟಿನಲ್ಲೇ ಹುಟ್ಟಬೇಕು ಎಂದು ಡಾಕ್ಟರಮ್ಮ ಮೇಸ್ತ್ರಿಯನ್ನು ಕರೆಸಿದರು. ಹೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ. ಸಂಜೆಯ ಹೊತ್ತಿಗೆ ಒಂಬತ್ತನ್ನೂ ಕನ್ನಡಿ ಮಾಡಿಟ್ಟಿದ್ದ. ಡಾಕ್ಟರಮ್ಮ ಬಂದು ಬಹಳ ಹೊತ್ತು ನಿಂತು ನೋಡಿ, "ತುಂಬಾ ಚೆನ್ನಾಗಿದೆ. ಒಡೆದುಹಾಕಿ" ಎಂದಿದ್ದರು.

ಅದು ಹೋದ ತಿಂಗಳ ಮಾತು. ಇವತ್ತು ಕ್ಲಿನಿಕ್ಕಿಗೆ ರಜೆ. ಬೆಳಿಗ್ಗೆ ಅವರು ಮೇಸ್ತ್ರಿಯ ಮಗಳೊಬ್ಬಳನ್ನೇ ಪಕ್ಕಕ್ಕೆ ಕರೆದು, ಆರು ಗಂಟೆಗೆ ಬಂದು ನೋಡುತ್ತೇನೆ, ಹೊಳೆಯುತ್ತಿದ್ದರೆ ನಾಳೆ ಬೇರೆ ಮೇಸ್ತ್ರಿ ಬರುತ್ತಾನೆ ಎಂದು ಹೇಳಿ ಹೋಗಿದ್ದರು. ಅರ್ಧದಲ್ಲಿ ಕೆಲಸ ಕಿತ್ತುಕೊಂಡರೆಂದು ಸುದ್ದಿಯಾದ ಕೈಯನ್ನು ಈ ಬೀದಿಯಲ್ಲಿ ಇನ್ನೊಬ್ಬರು ಕರೆಯುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎಂಟು ವರ್ಷದಿಂದ ಅಪ್ಪನಿಗೆ ಸಿಮೆಂಟು ಕಲಸಿಕೊಡುತ್ತಿದ್ದಳು. ಮಾತು ಕಡಿಮೆ, ಕಲಿತಿದ್ದೆಲ್ಲ ನೋಡಿ ಕಲಿತದ್ದು. ಹೆಬ್ಬೆರಳು ಒತ್ತಿದರೆ ಗುರುತು ಉಳಿಯಬೇಕು, ನೀರು ಮಾತ್ರ ಏಳಬಾರದು. ಪೊರಕೆ ಎಳೆಯುವ ಹದ ಅದು. ಮೊದಲೇ ಎಳೆದರೆ ಗೆರೆ ಮುಚ್ಚಿಕೊಳ್ಳುತ್ತದೆ, ತಡವಾದರೆ ಪೊರಕೆ ಕಚ್ಚುವುದಿಲ್ಲ. ಸವರಿದಷ್ಟೂ ಸಿಮೆಂಟಿನ ಹಾಲು ಮೇಲಕ್ಕೆ ಬರುತ್ತದೆ, ಮೊದಲು ಸವೆಯುವುದೂ ಅದೇ. ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದೇ ಅವಳ ಸಿಟ್ಟಿಗೆ ಕಾರಣ. ಹೇಳಿಕೊಟ್ಟವನು ಅವನೇ.

"ಮೂವತ್ತು ವರ್ಷ ಜನ ನನ್ನನ್ನ ಕರೆದಿದ್ದು ನುಣುಪಿಗೆ. ಈಗ ಗುಡಿಸು ಅಂತಾರೆ. ಗುಡಿಸೋಕೆ ಮೇಸ್ತ್ರಿ ಯಾಕೆ ಬೇಕು?" ಎಂದ ಅವನು.

ಅವಳು ಮೂರನೆಯದಕ್ಕೆ ಮತ್ತೆ ಪೊರಕೆ ಎಳೆದು, ಕರಣೆಯನ್ನು ಕಿತ್ತುಕೊಂಡು ಮರಳಿನ ರಾಶಿಯಲ್ಲಿ ಹೂತಿಟ್ಟಳು. ತಿರುಗಿ ನೋಡುವಷ್ಟರಲ್ಲಿ ಅಪ್ಪ ನಾಲ್ಕನೇ ಮೆಟ್ಟಿಲನ್ನು ಅಂಗೈಯಿಂದ ಸವರುತ್ತಿದ್ದ.

"ನಿನ್ನ ಕೈ ಕಟ್ಟಿಹಾಕ್ಲಾ?"

"ಕಟ್ಟು. ಮೊಣಕೈ ಇದೆಯಲ್ಲ."

ಅವಳಿಗೆ ಅಳು ಬರುವುದೊಂದು ಬಾಕಿ. ಆ ಕೋಪದಲ್ಲೇ ನಾಲ್ಕನ್ನೂ ಐದನ್ನೂ ಎಳೆದಳು. ಐದರ ಗೆರೆಗಳು ಓರೆಯಾದವು. ಅಪ್ಪನ ದವಡೆ ಬಿಗಿಯಾದದ್ದು ಅವಳ ಕಣ್ಣಿಗೆ ಬಿತ್ತು. ಬೇರೆಯವರು ಕಟ್ಟಿದ ಗೋಡೆ ವಾಲಿದ್ದು ಕಂಡಾಗ ಅವನ ಮುಖ ಹಾಗಾಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆರನೆಯದರ ಮೇಲೆ ಬೇಕೆಂದೇ ಪೊರಕೆಯನ್ನು ಸೊಟ್ಟಸೊಟ್ಟಗೆ ಎಳೆದಳು.

"ಏನೇ ಅದು, ಹಾವು ಹರಿದ ಹಾಗೆ?"

"ನಂಗೆ ಬರೋದು ಇಷ್ಟೇ. ಗುಡಿಸೋದು ತಾನೆ, ಹೇಗಿದ್ರೇನು?"

ಮೇಸ್ತ್ರಿ ಪೊರಕೆ ಕಿತ್ತುಕೊಂಡ. ಉದ್ದ ಹಲಗೆಯೊಂದನ್ನು ಗುರುತಿಗೆಂದು ಅಡ್ಡ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದ. ಪೊರಕೆ ಕೊಡವಿ, ಮತ್ತೆ ಎಳೆದ. ಬಾಚಣಿಗೆಯಲ್ಲಿ ಬಾಚಿದಂತೆ ಗೆರೆಗಳು ಸಾಲಾಗಿ ಎದ್ದವು. ಮೇಲಿನ ಐದನ್ನೂ ಸರಿಮಾಡುತ್ತೇನೆಂದು ಹೊರಟವನನ್ನು, ಅವು ಬಿಗಿದುಕೊಂಡಿವೆ ಎಂದು ಅವಳೇ ತಡೆದಳು. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಐದೂವರೆ. ಅವಳು ಸಾಮಾನು ತೊಳೆಯಲು ನಲ್ಲಿಯ ಕಡೆ ಹೋದಳು.

ಆರಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು. ಕೆಳಗೆ ನಿಂತು, ಬಗ್ಗಿ, ಮೇಲಿನವರೆಗೂ ಕಣ್ಣಾಡಿಸಿದರು. ಅವರ ಕಣ್ಣಿಗೆ ಎಲ್ಲೂ ಹೊಳಪು ಬೀಳಲಿಲ್ಲ.

"ಇದು ಮೆಟ್ಟಿಲು ಅಂದ್ರೆ. ಯಾರು ಮಾಡಿದ್ದು?"

"ನನ್ನ ಕೈಕೆಲಸ ಅಲ್ಲ ಮೇಡಂ," ಎಂದ ಮೇಸ್ತ್ರಿ, ಅವಮಾನವಾದವನಂತೆ. "ಮಗಳದ್ದು."

ಬಕೆಟ್ ಹಿಡಿದು ಬಂದು ಪಕ್ಕದಲ್ಲಿ ನಿಂತಿದ್ದ ಮಗಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಾಗೆ ತಲೆ ತಗ್ಗಿಸಿದಾಗಲೇ ಅವಳಿಗೆ ಕಂಡದ್ದು: ಕೊನೆಯ ಮೆಟ್ಟಿಲಿನ ಮೂಲೆಯಲ್ಲಿ, ಹಿಡಿಗಂಬಿಯ ಬುಡದ ಹಿಂದೆ, ಯಾರ ಕಾಲೂ ಹೋಗದ ಕಡೆ, ಅಂಗೈಯಗಲದಷ್ಟು ಜಾಗ ಫಳಫಳ ಹೊಳೆಯುತ್ತಿತ್ತು.

ಅವಳು ಅಪ್ಪನ ಕಡೆ ನೋಡಿದಳು. ಅವನು ಆಕಾಶ ನೋಡುತ್ತಿದ್ದ. ಡಾಕ್ಟರಮ್ಮ ಈ ಕಡೆ ತಿರುಗುವ ಮೊದಲೇ ಅವಳು ಬಕೆಟ್ಟನ್ನು ಮೆಲ್ಲಗೆ ಆ ಮೂಲೆಯ ಮುಂದಕ್ಕೆ ಸರಿಸಿಟ್ಟಳು.